ಜಿಮ್ನಿಯ ಆರ್ಮ್ ಬುಷ್: ರಬ್ಬರ್ ಹಾಕೋದಾ, ಪಿಯು ಹಾಕೋದಾ?

ಗಾಡಿ: ಐದು ಬಾಗಿಲಿನ ಮಾರುತಿ ಸುಜುಕಿ ಜಿಮ್ನಿ, 2023ರಲ್ಲಿ ಕೊಂಡದ್ದು. ಇರುವ ಜಾಗ: ಸಕಲೇಶಪುರ ತಾಲ್ಲೂಕು, ಹೆತ್ತೂರು ಕಡೆಯ ಕಾಫಿ ತೋಟ. ಮಾಲೀಕರು: ನಮ್ಮ ಭಾವ. ದೂರು ಎರಡು. ಬ್ರೇಕ್ ಒತ್ತಿದರೆ ಮುಂದುಗಡೆ ಅಡಿಯಿಂದ ‘ಟಕ್’ ಅಂತ ಸದ್ದು. ಹೈವೇಯಲ್ಲಿ 80 ದಾಟಿದರೆ ಸ್ಟೀರಿಂಗ್ ತೇಲಿದ ಹಾಗೆ ಆಗುತ್ತದೆ, ತಿರುಗಿಸಿ ಬಿಟ್ಟರೆ ತಾನಾಗಿ ನೇರಕ್ಕೆ ಬರುವುದಿಲ್ಲ.

ಹಿನ್ನೆಲೆ ಇಷ್ಟು. ಗಾಡಿ ಕೊಂಡ ಮೇಲೆ ಅದನ್ನು ಎತ್ತರಿಸುವ ಎರಡು ಇಂಚಿನ ಲಿಫ್ಟ್ ಕಿಟ್ ಹಾಕಿಸಿದ್ದರು. ಸ್ಪ್ರಿಂಗ್ ಮೇಲೆ ಸ್ಪೇಸರ್, ಜೊತೆಗೆ ಉದ್ದದ ಶಾಕ್ ಅಬ್ಸಾರ್ಬರ್. ಸ್ವಲ್ಪ ದಿನಕ್ಕೆ ಮುಂದಿನ ಎರಡೂ ಆರ್ಮ್‌ಗಳ (ಆಕ್ಸಲನ್ನು ಗಾಡಿಯ ಚೌಕಟ್ಟಿಗೆ, ಅಂದರೆ ಚಾಸಿಗೆ, ಹಿಡಿದಿಡುವ ಉದ್ದ ಕೊಂಡಿಗಳು) ಹಿಂದಿನ ತುದಿಯ ರಬ್ಬರ್ ಬುಷ್, ಅಂದರೆ ಕೀಲಿನ ಜಾಗದಲ್ಲಿರುವ ಮೆತ್ತೆ, ಹರಿಯಿತು. ಒಂದು ಗ್ಯಾರೇಜಿನಲ್ಲಿ ಬದಲಾಯಿಸಿದರು. ಹೊಸದು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಹರಿಯಿತು. ಭಾವನಿಗೆ ಸಿಟ್ಟು ಬಂದದ್ದು ಸಹಜ.

“ರಬ್ಬರ್ ಸಹವಾಸ ಸಾಕಪ್ಪಾ. ಹಿಂದೆ ಮುಂದೆ ಎಲ್ಲಾ ಪಿಯು ಹಾಕಿಸಿಬಿಡ್ತೀನಿ. ಇನ್ನು ಹತ್ತು ವರ್ಷ ಆ ಕಡೆ ನೋಡೋ ಹಾಗಿರಬಾರದು.”

“ಆರ್ಡರ್ ಹಾಕೋಕೆ ಮುಂಚೆ ಒಂದ್ಸಲ ಗಾಡಿ ಕೆಳಗೆ ಹೋಗಿ ನೋಡೋಣ ಭಾವ,” ಅಂದೆ.

ಪಿಯು ಅಂದರೆ ಪಾಲಿಯುರೆಥೇನ್. ಗಾಡಿ ಹುಚ್ಚಿನವರ ನಡುವೆ ಅದಕ್ಕೆ ಒಳ್ಳೆ ಹೆಸರಿದೆ. ಗಟ್ಟಿ, ಬಾಳಿಕೆ ಜಾಸ್ತಿ, ಬಣ್ಣಬಣ್ಣದಲ್ಲಿ ಸಿಗುತ್ತದೆ, ಕೈಯಲ್ಲೇ ಒತ್ತಿ ಕೂರಿಸಬಹುದು. ಇದೆಲ್ಲ ನಿಜವೇ. ಆದರೆ ಎರಡು ಸಲ ರಬ್ಬರ್ ಹರಿದದ್ದು ಯಾಕೆ ಅಂತ ಗೊತ್ತಾಗದೆ ಮೂರನೇ ಸಲ ಬೇರೆ ವಸ್ತು ಹಾಕುವುದು ನನಗೆ ಒಪ್ಪಲಿಲ್ಲ.

ಈ ಗಾಡಿಯ ಅಡಿಯಲ್ಲಿ ಏನಿದೆ

ಜಿಮ್ನಿಗೆ ಹಿಂದೆ ಮುಂದೆ ಎರಡೂ ಕಡೆ ಇಡೀ ಆಕ್ಸಲ್. ಎಡ ಚಕ್ರದಿಂದ ಬಲ ಚಕ್ರದವರೆಗೆ ಒಂದೇ ಗಟ್ಟಿ ಕೊಳವೆ. ಅದನ್ನು ಮೂರು ಕೊಂಡಿಗಳು ಹಿಡಿದುಕೊಂಡಿರುತ್ತವೆ. ಉದ್ದಕ್ಕೆ ಹೋಗುವ ಎರಡು ಆರ್ಮ್, ಅಡ್ಡಕ್ಕೆ ಹೋಗುವ ಒಂದು ಪ್ಯಾನ್‌ಹಾರ್ಡ್ ರಾಡ್. ಕಾಯಿಲ್ ಸ್ಪ್ರಿಂಗಿನ ಕೆಲಸ ಭಾರ ಹೊರುವುದು ಮಾತ್ರ. ಆಕ್ಸಲ್ ಹಿಂದೆ ಮುಂದೆ ಓಡಾಡದಂತೆ ತಡೆಯುವುದು ಆರ್ಮ್, ಅಕ್ಕಪಕ್ಕ ಸರಿಯದಂತೆ ತಡೆಯುವುದು ಪ್ಯಾನ್‌ಹಾರ್ಡ್ ರಾಡ್.

ಮುಂದಿನ ಒಂದೊಂದು ಆರ್ಮಿಗೂ ಮೂರು ಬುಷ್. ಆಕ್ಸಲ್ ಕಡೆ ಒಂದರ ಹಿಂದೊಂದು ಎರಡು, ಚಾಸಿ ಕಡೆ, ಅಂದರೆ ಹಿಂದಿನ ತುದಿಯಲ್ಲಿ, ಒಂದು. ಈ ‘ಎರಡು ಮತ್ತು ಒಂದು’ ಅನ್ನೋದನ್ನ ನೆನಪಿಡಿ, ಇಡೀ ಪ್ರಕರಣ ನಿಂತಿರುವುದೇ ಅದರ ಮೇಲೆ.

ಆಕ್ಸಲ್ ಕಡೆ ಎರಡು ಬುಷ್ ಇರುವುದರಿಂದ ಆರ್ಮ್ ಮತ್ತು ಆಕ್ಸಲ್ ಒಂದೇ ತುಂಡಿನಂತೆ ಅಂಟಿಕೊಂಡಿರುತ್ತವೆ. ಎರಡೂ ಚಕ್ರ ಒಟ್ಟಿಗೆ ಮೇಲೆ ಹೋದರೆ ಆರ್ಮ್ ತಿರುಗುವುದು ಚಾಸಿ ಕಡೆಯ ಬುಷ್‌ನಲ್ಲಿ ಮಾತ್ರ. ಆಕ್ಸಲ್ ಕಡೆಯ ಬುಷ್‌ಗೆ ಆಗ ಹೆಚ್ಚು ಕೆಲಸವಿಲ್ಲ. ಆದರೆ ಒಂದು ಚಕ್ರ ಬಂಡೆ ಹತ್ತಿ ಇನ್ನೊಂದು ಗುಂಡಿಗೆ ಇಳಿದರೆ ಕತೆ ಬೇರೆ. ಎಡಗಡೆ ಆರ್ಮ್ ಆಕ್ಸಲನ್ನು ಒಂದು ದಿಕ್ಕಿಗೆ ತಿರುಚಲು ನೋಡುತ್ತದೆ, ಬಲಗಡೆಯದು ಇನ್ನೊಂದು ದಿಕ್ಕಿಗೆ. ಕಬ್ಬಿಣದ ಕೊಳವೆ ತಿರುಚಿಕೊಳ್ಳುವುದಿಲ್ಲ. ಹಾಗಾದರೆ ಬಗ್ಗಬೇಕಾದವರು ಯಾರು? ಆಕ್ಸಲ್ ಕಡೆಯ ಆ ನಾಲ್ಕು ಬುಷ್‌ಗಳೇ. ಅವು ಎಷ್ಟು ಹಿಸುಕಿಕೊಳ್ಳುತ್ತವೋ ಚಕ್ರ ಅಷ್ಟು ಕೆಳಗಿಳಿದು ನೆಲ ಮುಟ್ಟುತ್ತದೆ. ಅವು ಹಿಸುಕಿಕೊಳ್ಳದಿದ್ದರೆ ಆ ಒತ್ತಡವೆಲ್ಲ ಆಕ್ಸಲ್ ಮೇಲಿನ ಬ್ರಾಕೆಟ್‌ಗೆ, ಅದರ ವೆಲ್ಡಿಂಗಿಗೆ ಹೋಗುತ್ತದೆ.

ಜಿಮ್ನಿಯ ಹಿಂದಿನ ಆಕ್ಸಲ್‌ನದೂ ಇದೇ ಜಾತಿಯ ವ್ಯವಸ್ಥೆ, ಆರ್ಮ್ ಮಾತ್ರ ಎದುರು ದಿಕ್ಕಿಗೆ ಇರುತ್ತದೆ.

ಕೆಳಗೆ ಕಂಡದ್ದು

ಹಾಸನದ ಹತ್ತಿರ ಪಿಟ್ (ಗಾಡಿಯ ಕೆಳಗೆ ಇಳಿದು ಕೆಲಸ ಮಾಡುವ ಗುಂಡಿ) ಇರುವ ಒಂದು ಗ್ಯಾರೇಜಿಗೆ ಗಾಡಿ ಒಯ್ದೆವು. ಪಿಟ್ ಬೇಕು ಅಂತ ಹಟ ಹಿಡಿದದ್ದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ.

ಮುಂದಿನ ಚಾಸಿ ಕಡೆಯ ಬುಷ್ ಎರಡೂ ಹೋಗಿದ್ದವು. ಬಲಗಡೆಯದು ಒಳಗಿನ ಸ್ಲೀವ್‌ನಿಂದ (ಬೋಲ್ಟ್ ಹಾದುಹೋಗುವ ಕೊಳವೆ) ಸುತ್ತಲೂ ಬಿಟ್ಟುಕೊಂಡಿತ್ತು. ಸಬ್ಬಲ್ ಕೊಟ್ಟು ಮೀಟಿದರೆ ಆರ್ಮ್ ಹಿಂದೆ ಮುಂದೆ ಆಡುತ್ತಿತ್ತು. ‘ಟಕ್’ ಸದ್ದಿನ ಮೂಲ ಅದೇ. ಬ್ರೇಕ್ ಹಿಡಿದಾಗ ಆಕ್ಸಲ್ ಹಿಂದಕ್ಕೆ ತಳ್ಳುತ್ತದೆ, ಸಡಿಲವಾದ ಸ್ಲೀವ್ ಹೋಗಿ ಬಡಿಯುತ್ತದೆ. ಎಡಗಡೆಯದು ಅರ್ಧ ಹರಿದಿತ್ತು.

ಆಕ್ಸಲ್ ಕಡೆಯ ನಾಲ್ಕೂ ಬುಷ್ ಚೆನ್ನಾಗಿದ್ದವು! ಮೇಲ್ಮೈಯಲ್ಲಿ ಸಣ್ಣ ಬಿರುಕು ಇದ್ದದ್ದು ಬಿಟ್ಟರೆ ಬೇರೇನಿಲ್ಲ, ಮೀಟಿದರೂ ಅಲ್ಲಾಡಲಿಲ್ಲ. ಮೇಲಿನ ಬಿರುಕು ನೋಡಿದ ತಕ್ಷಣ ಬುಷ್ ಹೋಯಿತು ಅನ್ನುವ ಮೆಕ್ಯಾನಿಕ್‌ಗಳಿದ್ದಾರೆ. ನೋಡಬೇಕಾದ್ದು ರಬ್ಬರ್ ಲೋಹಕ್ಕೆ ಅಂಟಿದ ಅಂಚು. ಅಲ್ಲಿ ಬಾಯಿ ಬಿಟ್ಟಿದ್ದರೆ ಮಾತ್ರ ಚಿಂತೆ.

ಈ ಎರಡು ಸಂಗತಿ ಒಟ್ಟಿಗೆ ಇಟ್ಟು ನೋಡಿ. ತೋಟದ ಕೊರಕಲು ದಾರಿಗೆ ರಬ್ಬರ್ ತಡೆಯುವುದಿಲ್ಲ ಅನ್ನೋದು ಭಾವನ ವಾದ. ಅದು ನಿಜವಾಗಿದ್ದರೆ ಮೊದಲು ಹೋಗಬೇಕಾದದ್ದು ಆಕ್ಸಲ್ ಕಡೆಯ ಬುಷ್. ಕೊರಕಲಿನಲ್ಲಿ ಹಿಂಸೆ ಜಾಸ್ತಿ ಅದಕ್ಕೇ ಅಲ್ವಾ? ಅದು ಕಂಪನಿಯಿಂದ ಬಂದ ಹಾಗೇ ಇದೆ. ಹರಿದಿರುವುದು ಆರ್ಮ್ ಮೇಲೆ ಕೆಳಗೆ ತಿರುಗುವ ಜಾಗದ ಬುಷ್ ಮಾತ್ರ, ಅದೂ ಎರಡೆರಡು ಸಲ. ಅಂದರೆ ಆ ತಿರುಗುವ ಜಾಗದಲ್ಲೇ ಏನೋ ಎಡವಟ್ಟಾಗಿದೆ.

ಇಲ್ಲಿ ರಬ್ಬರ್ ಬುಷ್ ಕೆಲಸ ಮಾಡುವ ರೀತಿ ಹೇಳಲೇಬೇಕು. ಹೊರಗೆ ಒಂದು ಕಬ್ಬಿಣದ ಬಳೆ, ಒಳಗೆ ಒಂದು ಸ್ಲೀವ್, ನಡುವೆ ರಬ್ಬರ್. ರಬ್ಬರನ್ನು ಕಾಯಿಸಿ ಎರಡೂ ಲೋಹಕ್ಕೆ ಅಂಟಿಸಿರುತ್ತಾರೆ. ಬೋಲ್ಟ್ ಬಿಗಿದಾಗ ಒಳಗಿನ ಸ್ಲೀವ್ ಬ್ರಾಕೆಟ್‌ಗೆ ಕಚ್ಚಿಕೊಂಡು ನಿಂತುಬಿಡುತ್ತದೆ. ಆಮೇಲೆ ಅಲ್ಲಿ ಯಾವುದೂ ಜಾರುವುದಿಲ್ಲ. ಆರ್ಮ್ ತಿರುಗಿದಷ್ಟೂ ರಬ್ಬರೇ ತಿರುಚಿಕೊಳ್ಳುತ್ತದೆ, ಬಿಟ್ಟಾಗ ವಾಪಸ್ ಬರುತ್ತದೆ. ಎಣ್ಣೆ ಬೇಡ, ಗ್ರೀಸ್ ಬೇಡ, ಸವೆಯುವ ಮೇಲ್ಮೈಯೇ ಇಲ್ಲ.

ಆದರೆ ಒಂದು ಷರತ್ತು. ಬೋಲ್ಟ್ ಬಿಗಿಯುವ ಹೊತ್ತಿಗೆ ಗಾಡಿ ತನ್ನ ಭಾರದಲ್ಲಿ ನೆಲದ ಮೇಲೆ ನಿಂತಿರಬೇಕು. ಯಾವ ಕೋನದಲ್ಲಿ ಬಿಗಿಯುತ್ತೀರೋ ಅದೇ ರಬ್ಬರಿನ ವಿಶ್ರಾಂತಿಯ ಸ್ಥಿತಿ ಆಗಿಬಿಡುತ್ತದೆ.

ಭಾವನನ್ನು ಕೇಳಿದೆ, “ಹಿಂದಿನ ಸಲ ಬುಷ್ ಹಾಕಿದಾಗ ಗಾಡಿ ಎಲ್ಲಿತ್ತು?”

“ಲಿಫ್ಟ್ ಮೇಲಿತ್ತು. ಚಕ್ರ ಬಿಚ್ಚಿದ್ರು. ಎಲ್ಲಾ ಟೈಟ್ ಮಾಡಿ ಇಳಿಸಿ ಕೊಟ್ರು.”

ಎರಡು ಕಂಬದ ಲಿಫ್ಟ್ ಗಾಡಿಯನ್ನು ಚಾಸಿಗೆ ಕೈ ಕೊಟ್ಟು ಎತ್ತುತ್ತದೆ. ಆಕ್ಸಲ್ ಪೂರ್ತಿ ಜೋತುಬೀಳುತ್ತದೆ. ಲೆಕ್ಕ ಹಾಕಿ ನೋಡೋಣ. ಆರ್ಮ್ ಸುಮಾರು 80 ಸೆಂ.ಮೀ. ಉದ್ದ ಅಂತ ಇಟ್ಟುಕೊಳ್ಳಿ. ಆಕ್ಸಲ್ 10 ಸೆಂ.ಮೀ. ಜೋತುಬಿದ್ದರೆ ಆರ್ಮ್ 7 ಡಿಗ್ರಿಯಷ್ಟು ಕೆಳಗೆ ಬಾಗುತ್ತದೆ. ಅದೇ ಸ್ಥಿತಿಯಲ್ಲಿ ಬಿಗಿದು ಇಳಿಸಿದರೆ ಗಾಡಿ ಸುಮ್ನೆ ಶೆಡ್‌ನಲ್ಲಿ ನಿಂತಿದ್ದಾಗಲೂ ರಬ್ಬರ್ 7 ಡಿಗ್ರಿ ತಿರುಚಿಕೊಂಡೇ ಇರುತ್ತದೆ. ಹಳ್ಳ ಬಂದು ಚಕ್ರ ಮೇಲಕ್ಕೆ 8 ಸೆಂ.ಮೀ. ಹೋದರೆ ಇನ್ನೂ 6 ಡಿಗ್ರಿ ಸೇರಿ 13 ಆಗುತ್ತದೆ, ಅದೂ ಯಾವಾಗಲೂ ಒಂದೇ ದಿಕ್ಕಿಗೆ. ನೆಲದ ಮೇಲೆ ನಿಲ್ಲಿಸಿ ಬಿಗಿದಿದ್ದರೆ ಇದೇ ಓಡಾಟ ಅತ್ತ 7, ಇತ್ತ 6 ಅಂತ ಹಂಚಿಹೋಗುತ್ತಿತ್ತು.

ಇದು ಬರೀ ಊಹೆಯಾಗಬಾರದು ಅಂತ ಒಂದು ಪರೀಕ್ಷೆ ಮಾಡಿದೆವು. ಹಿಂದಿನ ಆರ್ಮ್‌ಗಳನ್ನೂ ಲಿಫ್ಟ್ ಕಿಟ್ ಹಾಕುವಾಗ ಬಿಚ್ಚಿದ್ದರಂತೆ. ಅವುಗಳ ಬುಷ್ ಇನ್ನೂ ಹರಿದಿರಲಿಲ್ಲ. ಗಾಡಿ ಪಿಟ್ ಮೇಲೆ, ನಾಲ್ಕೂ ಚಕ್ರದ ಮೇಲೆ ನಿಂತಿದ್ದ ಹಾಗೇ ಸ್ಲೀವ್‌ನಿಂದ ಬ್ರಾಕೆಟ್‌ವರೆಗೆ ಬಿಳಿ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದೆವು. ನಟ್ ಸಡಿಲಿಸಿ ಬಂಪರ್ ಹಿಡಿದು ಗಾಡಿಯನ್ನು ಕುಲುಕಿದ ಕೂಡಲೇ ಸ್ಲೀವ್ ತಿರುಗಿ ಗೆರೆ ಎರಡು ತುಂಡಾಯಿತು. ಹಿಡಿದಿಟ್ಟಿದ್ದ ತಿರುಚು ಬಿಟ್ಟುಹೋದದ್ದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ಅದಕ್ಕೇ ಪಿಟ್ ಬೇಕು ಅಂದದ್ದು. ನಾಲ್ಕು ಕಂಬದ, ಚಕ್ರಕ್ಕೆ ಹಲಗೆ ಕೊಡುವ ಲಿಫ್ಟ್ ಆದರೂ ನಡೆಯುತ್ತದೆ.

ಇನ್ನೊಂದು ಸಂಗತಿಯೂ ಕಂಡಿತು. ಅಡಿಯೆಲ್ಲ ಕಪ್ಪು ಎಣ್ಣೆ ಜಿಡ್ಡು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮಳೆಗಾಲಕ್ಕೆ ಮುಂಚೆ ಹಳೇ ಎಂಜಿನ್ ಆಯಿಲ್‌ಗೆ ಡೀಸೆಲ್ ಬೆರೆಸಿ ಚಾಸಿಗೆ ಸ್ಪ್ರೇ ಹೊಡೆಸುವುದು ಹಳೆಯ ರೂಢಿ. ತುಕ್ಕು ಹಿಡಿಯದಿರಲಿ ಅಂತ. ಕಬ್ಬಿಣಕ್ಕೇನೋ ಒಳ್ಳೆಯದೇ. ಆದರೆ ನೈಸರ್ಗಿಕ ರಬ್ಬರಿಗೆ ಖನಿಜ ತೈಲ ಆಗುವುದಿಲ್ಲ. ಕುಡಿದು ಊದಿಕೊಳ್ಳುತ್ತದೆ, ಮೆತ್ತಗಾಗುತ್ತದೆ. ಇಲ್ಲಿ ಎಲ್ಲಾ ಬುಷ್‌ಗಳ ಮೇಲ್ಪದರ ಅಂಟಂಟಾಗಿತ್ತು. ಅದೇ ಮುಖ್ಯ ಕಾರಣವಾಗಿದ್ದರೆ ಆಕ್ಸಲ್ ಕಡೆಯವೂ ಹರಿಯಬೇಕಿತ್ತು. ಹಾಗಾಗಿ ಅದನ್ನು ಎರಡನೇ ಆರೋಪಿ ಅಂತ ಬರೆದುಕೊಂಡೆ.

ಹಾಗಾದರೆ ಪಿಯು ಹಾಕಿದ್ದರೆ?

ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತು ಒಪ್ಪಬೇಕು. ಪಿಯು ಹಾಕಿದ್ದರೆ ಅದು ಹರಿಯುತ್ತಿರಲಿಲ್ಲ. ಪಿಯು ಬುಷ್ ಲೋಹಕ್ಕೆ ಅಂಟಿರುವುದಿಲ್ಲ. ಸಾಮಾನ್ಯವಾಗಿ ಎರಡು ಅರ್ಧ ಭಾಗ, ನಡುವೆ ಒಂದು ಕಬ್ಬಿಣದ ಸ್ಲೀವ್. ಆರ್ಮ್ ತಿರುಗಿದರೆ ಪಿಯು ಆ ಸ್ಲೀವ್ ಸುತ್ತ ಜಾರುತ್ತದೆ. ಹಾಗಾಗಿ ಗಾಳಿಯಲ್ಲಿ ಬಿಗಿದರೂ ತಿರುಚು ಉಳಿಯುವುದಿಲ್ಲ. ಎಣ್ಣೆಗೂ ಅದು ರಬ್ಬರಿಗಿಂತ ಚೆನ್ನಾಗಿ ತಡೆಯುತ್ತದೆ. ಗ್ಯಾರೇಜಿನ ತಪ್ಪು ಮುಚ್ಚಿಹೋಗಿ, “ನೋಡಿದ್ಯಾ, ಪಿಯುನೇ ಸರಿ” ಅಂತ ಭಾವ ಹೇಳುತ್ತಿದ್ದರು. ಪಿಯುಗೆ ಬಂದಿರುವ ಹೆಸರಿನಲ್ಲಿ ಹೀಗೆ ಬಂದ ಪಾಲು ಎಷ್ಟೋ ಏನೋ.

ಆದರೆ ಜಾರುವ ವಸ್ತುವಿಗೆ ಗ್ರೀಸ್ ಬೇಕು. ಕಿಟ್ ಜೊತೆ ಬರುವ ಸಿಲಿಕೋನ್ ಜಾತಿಯ ಗ್ರೀಸ್ ಗಟ್ಟಿಯಾಗೇ ಇರುತ್ತದೆ, ಆದರೂ ಶಾಶ್ವತ ಅಲ್ಲ. ತೋಟದ ಕೆಂಪು ಕೆಸರು ಸ್ಲೀವ್ ಒಳಗೆ ಸೇರಿದರೆ ಅದು ಉಪ್ಪುಕಾಗದದ ಕೆಲಸ ಮಾಡುತ್ತದೆ. ಮೊದಲು ಕೀರಲು ಶುರುವಾಗುತ್ತದೆ, ಆಮೇಲೆ ಸ್ಲೀವ್ ಸವೆಯುತ್ತದೆ. ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚಿ ಮತ್ತೆ ಕೂರಿಸುವ ಆಸಕ್ತಿ ಇದ್ದವರಿಗೆ ಇದು ದೊಡ್ಡದಲ್ಲ. ಭಾವನಿಗೆ ಬೇಕಿದ್ದದ್ದು ‘ಆ ಕಡೆ ನೋಡೋ ಹಾಗಿರಬಾರದು’ ಅನ್ನುವ ಗಾಡಿ.

ಎರಡನೆಯದು ಗಟ್ಟಿತನ. ಬುಷ್‌ನ ಗಡಸುತನವನ್ನು ಶೋರ್ ಎ ಅಳತೆಯಲ್ಲಿ ಹೇಳುತ್ತಾರೆ. ಕಂಪನಿಯ ರಬ್ಬರ್ ಬುಷ್ ಸಾಮಾನ್ಯವಾಗಿ 50ರಿಂದ 70ರ ಒಳಗೆ ಇರುತ್ತದೆ, ಪಿಯು ಬುಷ್ 80, 90ರ ಆಸುಪಾಸು. ಅಂಕಿ ಹತ್ತಿರ ಇದೆ ಅನಿಸಬಹುದು. ಹಿಸುಕಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಹೈವೇ ಕಾರಿನಲ್ಲಿ ಈ ಗಟ್ಟಿತನವೇ ಗುಣ, ಚಕ್ರ ಹೇಳಿದ ಕಡೆ ನಿಲ್ಲುತ್ತದೆ. ಜಿಮ್ನಿಯ ಆಕ್ಸಲ್ ಕಡೆ ಅದೇ ದೋಷ. ಅಲ್ಲಿ ಬುಷ್ ಹಿಸುಕಿಕೊಂಡರೆ ಮಾತ್ರ ಚಕ್ರ ಇಳಿಯುವುದು ಅಂತ ಆಗಲೇ ಹೇಳಿದೆ. ನಾಲ್ಕು ಕಡೆ ಪಿಯು ಹಾಕಿದರೆ ಆಕ್ಸಲ್ ಒಂದು ದಪ್ಪ ಸ್ಟೆಬಿಲೈಜರ್ ಬಾರ್ (ಗಾಡಿ ಪಕ್ಕಕ್ಕೆ ವಾಲದಂತೆ ತಡೆಯುವ ಸರಳು) ಆಗಿಬಿಡುತ್ತದೆ. ಕೊರಕಲಿನಲ್ಲಿ ಚಕ್ರ ಬೇಗ ಗಾಳಿಗೆ ಏಳುತ್ತದೆ. ಫೋರ್ ವೀಲ್ ಗಾಡಿ ಕೊಂಡು, ಲಿಫ್ಟ್ ಹಾಕಿಸಿ, ಆಮೇಲೆ ಬುಷ್‌ನಿಂದ ಚಕ್ರದ ಓಡಾಟ ಕಟ್ಟಿಹಾಕುವುದು ಯಾವ ಲೆಕ್ಕ? ಹಳೆಯ ಲ್ಯಾಂಡ್ ರೋವರ್ ಡಿಫೆಂಡರ್, 80 ಸರಣಿಯ ಟೊಯೊಟಾ ಲ್ಯಾಂಡ್ ಕ್ರೂಸರ್ ಇವಕ್ಕೂ ಮುಂದೆ ಇದೇ ಜಾತಿಯ ಆರ್ಮ್. ಅವುಗಳನ್ನು ಕಾಡಿನಲ್ಲಿ ಓಡಿಸುವವರಲ್ಲಿ ಆಕ್ಸಲ್ ಕಡೆ ರಬ್ಬರೇ ಇರಲಿ ಅನ್ನುವವರು ಬಹಳ ಜನ ಇದ್ದಾರೆ, ಕಾರಣ ಇದೇ.

ಮೂರನೆಯದು ನಮ್ಮ ಮಳೆ. ಪಿಯು ಅನ್ನೋದು ಒಂದೇ ವಸ್ತುವಿನ ಹೆಸರಲ್ಲ, ದೊಡ್ಡ ಕುಟುಂಬ. 1937ರಲ್ಲಿ ಜರ್ಮನಿಯಲ್ಲಿ ಒಟ್ಟೊ ಬಾಯರ್ ಮತ್ತವರ ಜೊತೆಗಾರರು ಕಂಡುಹಿಡಿದ ರಸಾಯನ ಇವತ್ತು ಸೋಫಾ ಫೋಮ್‌ನಲ್ಲೂ ಇದೆ, ಶೂ ಅಟ್ಟೆಯಲ್ಲೂ ಇದೆ. ಅದರಲ್ಲಿ ಎಸ್ಟರ್ ಜಾತಿ, ಈಥರ್ ಜಾತಿ ಅಂತ ಎರಡು. ಎಸ್ಟರ್ ಜಾತಿ ಸವೆತಕ್ಕೆ, ಎಣ್ಣೆಗೆ ಗಟ್ಟಿ. ಆದರೆ ತೇವದಲ್ಲಿ ನಿಧಾನಕ್ಕೆ ಒಡೆದುಹೋಗುತ್ತದೆ. ಬೀರುವಿನಲ್ಲಿ ಇಟ್ಟೇ ಇದ್ದ ಶೂ ತೆಗೆದು ಹಾಕಿಕೊಂಡರೆ ಅಟ್ಟೆ ಪುಡಿಪುಡಿ ಆಗುತ್ತಲ್ಲ, ಅದು ಇದೇ ಕಾಯಿಲೆ. ಈಥರ್ ಜಾತಿ ನೀರಿಗೆ ತಡೆಯುತ್ತದೆ. ಹೆತ್ತೂರಿನಂಥ ಕಡೆ ಪಿಯು ಹಾಕುವುದಾದರೆ ಈಥರ್ ಜಾತಿಯೇ ಬೇಕು. ಭಾವ ನೋಡಿಟ್ಟಿದ್ದ ಕಿಟ್‌ನ ವಿವರದಲ್ಲಿ ಬಣ್ಣ ಬರೆದಿತ್ತು, ಜಾತಿ ಬರೆದಿರಲಿಲ್ಲ. ಗಡಸುತನದ ಅಂಕಿಯೂ ಇರಲಿಲ್ಲ.

ಎರಡನೇ ದೂರು: ತೇಲುವ ಸ್ಟೀರಿಂಗ್

ಇದಕ್ಕೆ ಹರಿದ ಬುಷ್‌ನ ಪಾಲು ಸ್ವಲ್ಪ ಇತ್ತು. ಆದರೆ ದೊಡ್ಡ ಪಾಲು ಲಿಫ್ಟ್ ಕಿಟ್‌ನದು.

ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿಕೊಂಡಿರುವ ಹಾಗೆ ಈ ಗಾಡಿಯ ಚಕ್ರ ಎಡಕ್ಕೆ ಬಲಕ್ಕೆ ತಿರುಗಲು ಆಧಾರವಾದ ಕಿಂಗ್‌ಪಿನ್ ಕೂಡ ಸ್ವಲ್ಪ ಹಿಂದಕ್ಕೆ ವಾಲಿರುತ್ತದೆ. ಅದಕ್ಕೆ ಕ್ಯಾಸ್ಟರ್ ಅನ್ನುತ್ತಾರೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದು ಮುಖ್ಯವಾಗಿ ಇದರ ದಯೆ. ಜಿಮ್ನಿಯ ಆರ್ಮ್ ಚಾಸಿಯಿಂದ ಮುಂದಕ್ಕೆ ಚಾಚಿ ಆಕ್ಸಲ್ ಹಿಡಿದಿದೆ. ಚಾಸಿ ಎತ್ತರಕ್ಕೆ ಹೋದರೆ ಆರ್ಮ್‌ನ ಹಿಂದಿನ ತುದಿ ಮೇಲೇಳುತ್ತದೆ. ಆರ್ಮಿಗೆ ಅಂಟಿಕೊಂಡ ಆಕ್ಸಲ್ ಮೂತಿ ಕೆಳಗೆ ಮಾಡುತ್ತದೆ, ಕಿಂಗ್‌ಪಿನ್ ಮುಂದಕ್ಕೆ ಬಾಗುತ್ತದೆ. ಅದೇ 80 ಸೆಂ.ಮೀ. ಲೆಕ್ಕದಲ್ಲಿ 50 ಮಿ.ಮೀ. ಎತ್ತಿದರೆ ಮೂರೂವರೆ ಡಿಗ್ರಿ ಕ್ಯಾಸ್ಟರ್ ಹೋಯಿತು. ಇಂಥ ಗಾಡಿಗಳಲ್ಲಿ ಇರುವುದೇ ಕೆಲವೇ ಡಿಗ್ರಿ.

ಇದಕ್ಕೆ ಮಾರುಕಟ್ಟೆಯಲ್ಲಿ ಸಿಗುವ ಸುಲಭದ ಮದ್ದು ಕ್ಯಾಸ್ಟರ್ ಬುಷ್. ಪಿಯುನಲ್ಲಿ ಮಾಡಿದ, ತೂತು ನಟ್ಟನಡುವೆ ಇಲ್ಲದೆ ಪಕ್ಕಕ್ಕೆ ಇರುವ ಬುಷ್. ಆಕ್ಸಲ್ ಕಡೆ ಅದನ್ನು ಹಾಕಿದರೆ ಆಕ್ಸಲ್ ಕೆಲವು ಡಿಗ್ರಿ ವಾಪಸ್ ತಿರುಗುತ್ತದೆ. ಭಾವ ನೋಡಿಟ್ಟಿದ್ದ ಕಿಟ್‌ನಲ್ಲಿ ಇದೂ ಇತ್ತು. ಮೆತ್ತಗಿರಲೇಬೇಕಾದ ಜಾಗಕ್ಕೆ ಗಟ್ಟಿ ವಸ್ತು, ಅದರಲ್ಲೂ ಒಂದು ಬದಿ ತೆಳ್ಳಗೆ. ಹೈವೇಯಲ್ಲೇ ಜಾಸ್ತಿ ಓಡುವ, ಕೊರಕಲಿಗೆ ಅಪರೂಪಕ್ಕೆ ಇಳಿಯುವ ಗಾಡಿಗಾದರೆ ನಾನೂ ಒಪ್ಪಿಕೊಳ್ಳುತ್ತಿದ್ದೆ. ತೋಟದ ಗಾಡಿಗೆ ಬೇಡ ಅನಿಸಿತು.

ಇನ್ನೊಂದು ದಾರಿ ಡ್ರಾಪ್ ಬ್ರಾಕೆಟ್. ಆರ್ಮ್‌ನ ಚಾಸಿ ತುದಿಯನ್ನು ಒಂದು ಬ್ರಾಕೆಟ್ ಕೊಟ್ಟು ಕೆಳಗಿಳಿಸುವುದು. ಬುಷ್ ರಬ್ಬರೇ ಇರುತ್ತದೆ, ಕ್ಯಾಸ್ಟರ್ ವಾಪಸ್ ಬರುತ್ತದೆ. ಆದರೆ ಆ ಬ್ರಾಕೆಟ್ ಮುಂದಿನ ಚಕ್ರದ ಹಿಂದೆ ಕೆಳಗೆ ಇಣುಕುತ್ತದೆ. ಭಾವನ ತೋಟದ ದಾರಿ ಎರಡು ಕಡೆ ಚಕ್ರದ ಜಾಡು, ನಡುವೆ ಕಲ್ಲುಕಲ್ಲು ದಿಬ್ಬ. ಜಾಡು ತಪ್ಪಿ ಚಕ್ರ ಪಕ್ಕಕ್ಕೆ ಏರಿದರೆ ಮೊದಲು ಕಲ್ಲಿಗೆ ತಾಗುವುದು ಅದೇ. ಬಾಗಿಸಿ ಮಾಡಿದ ಬೇರೆ ಆರ್ಮ್‌ಗಳೂ ಸಿಗುತ್ತವೆ. ತಾಂತ್ರಿಕವಾಗಿ ಅದೇ ಚೆಂದ. ದುಡ್ಡು ಜಾಸ್ತಿ.

ಅಷ್ಟರಲ್ಲಿ ನಾನು ಕೇಳಬೇಕಾದ ಪ್ರಶ್ನೆ ಕೇಳಿದೆ. “ಲಿಫ್ಟ್ ಯಾಕೆ ಹಾಕಿಸಿದ್ರಿ ಭಾವ?”

“ದೊಡ್ಡ ಟೈರ್ ಹಾಕೋಕೆ. ಮತ್ತೆ ಕೆಳಗೆ ಕಲ್ಲು ತಾಗ್ತಿತ್ತಲ್ಲ.”

ಟೈರ್ ನೋಡಿದೆ, 215/75 ಆರ್ 15. ಕಂಪನಿಯದು 195/80 ಆರ್ 15. ಲೆಕ್ಕ ಮಾಡಿದರೆ ಮೊದಲಿನದು ಸುಮಾರು 703 ಮಿ.ಮೀ. ಎತ್ತರ, ಎರಡನೆಯದು 693. ಹತ್ತು ಮಿ.ಮೀ. ವ್ಯತ್ಯಾಸಕ್ಕೆ 50 ಮಿ.ಮೀ. ಲಿಫ್ಟ್! ಇನ್ನು ಕಲ್ಲು ತಾಗುತ್ತಿದ್ದದ್ದು ಎಲ್ಲಿಗೆ? ಆಕ್ಸಲ್ ನಡುವಿನ ಡಿಫರೆನ್ಷಿಯಲ್ (ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರುಗಳಿರುವ ಭಾಗ) ಹೊಟ್ಟೆಗೆ, ಅದರ ಅಡಿಯಲ್ಲಿ ಗೀರುಗಳಿದ್ದವು. ಇಡೀ ಆಕ್ಸಲ್ ಇರುವ ಗಾಡಿಯಲ್ಲಿ ಆ ಹೊಟ್ಟೆಯ ಎತ್ತರ ನಿರ್ಧಾರವಾಗುವುದು ಟೈರಿನಿಂದ ಮಾತ್ರ. ಸ್ಪ್ರಿಂಗ್ ಎಷ್ಟು ಎತ್ತಿದರೂ ಮೇಲೇಳುವುದು ಬಾಡಿ, ಆಕ್ಸಲ್ ಇದ್ದಲ್ಲೇ ಇರುತ್ತದೆ. ಹೊಸ ಟೈರ್ ಕೊಟ್ಟದ್ದು ಐದು ಮಿ.ಮೀ., ಲಿಫ್ಟ್ ಕೊಟ್ಟದ್ದು ಸೊನ್ನೆ.

ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, “ನೋಡೋಕೆ ಚೆನ್ನಾಗಿದೆ ಬಿಡು,” ಅಂದರು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಕಾನೂನಿನ ಮಾತೂ ಒಂದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮಾರ್ಪಾಟಿಗೆ ಮಿತಿ ಹಾಕುತ್ತದೆ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಬದಲಾಯಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತ್ತು. ಅಪಘಾತವಾದರೆ ವಿಮೆಯವರು ಗಾಡಿ ಕೆಳಗೂ ನೋಡುತ್ತಾರೆ. ಬುಷ್ ಬದಲಾಯಿಸುವುದು ರಿಪೇರಿ, ಎತ್ತರ ಬದಲಾಯಿಸುವುದು ಬೇರೆ ವಿಷಯ.

ಏನು ಹಾಕಿದೆವು

ಮುಂದಿನ ಆರ್ಮ್‌ನ ಚಾಸಿ ಕಡೆ ಕಂಪನಿಯ ರಬ್ಬರ್ ಬುಷ್. ಇದು ಸುಲಭದ ತೀರ್ಮಾನ ಆಗಿರಲಿಲ್ಲ. ಈ ಒಂದು ಜಾಗಕ್ಕೆ ಪಿಯು ಹಾಕಿ, ಆಕ್ಸಲ್ ಕಡೆ ರಬ್ಬರ್ ಉಳಿಸಿಕೊಳ್ಳುವವರೂ ಇದ್ದಾರೆ, ಅದು ತಲೆಕೆಟ್ಟ ಯೋಚನೆಯೇನಲ್ಲ. ಇಲ್ಲಿ ಮುಖ್ಯ ಚಲನೆ ಒಂದೇ ದಿಕ್ಕಿನ ತಿರುಗು. ಆದರೆ ಒಂದು ಚಕ್ರ ಎದ್ದಾಗ ಆರ್ಮ್ ಪಕ್ಕಕ್ಕೂ ಓರೆಯಾಗುತ್ತದೆ, ಎರಡು ಅರ್ಧದ ಪಿಯು ಬುಷ್‌ನ ಅಂಚಿಗೆ ಆಗ ಏಟು. ಕಲ್ಲಿಗೆ ಚಕ್ರ ಬಡಿದಾಗ ಆ ಪೆಟ್ಟನ್ನು ಚಾಸಿಗೆ ಹೋಗದಂತೆ ನುಂಗುವುದೂ ಇದೇ ಬುಷ್. ಕೆಸರಂತೂ ಇದ್ದೇ ಇದೆ. ಸರಿಯಾಗಿ ಕೂರಿಸಿದ ರಬ್ಬರಿಗೆ ಇನ್ನೂ ಒಂದು ನ್ಯಾಯವಾದ ಅವಕಾಶವೇ ಸಿಕ್ಕಿಲ್ಲ ಅನ್ನೋದು ನನ್ನ ವಾದವಾಗಿತ್ತು.

ಆಕ್ಸಲ್ ಕಡೆಯ ನಾಲ್ಕನ್ನು ಮುಟ್ಟಲಿಲ್ಲ.

ಮುಂದಿನ ಪ್ಯಾನ್‌ಹಾರ್ಡ್ ರಾಡಿಗೆ ಪಿಯು ಹಾಕಿದೆವು. ಅದರ ಬುಷ್ ಮಾಡುವುದು ಹೆಚ್ಚಾಗಿ ಒಂದೇ ತಿರುಗು, ಹೊರುವುದು ಅಡ್ಡ ಬಲ. ಇಲ್ಲಿ ಸಡಿಲ ಬಂದರೆ ಆಕ್ಸಲ್ ಅಕ್ಕಪಕ್ಕ ಆಡಿ ಸ್ಟೀರಿಂಗ್ ನಡುಗಲು ಶುರುವಾಗುತ್ತದೆ. ಇಡೀ ಆಕ್ಸಲ್ ಗಾಡಿಗಳಲ್ಲಿ ಶಿಮ್ಮಿ ಅಂತ ಹೆದರುವುದು ಅದಕ್ಕೇ. ಗಟ್ಟಿತನ ಇಲ್ಲಿ ಉಪಕಾರ. ರಾಡ್ ಬಿಚ್ಚಿ ಗ್ರೀಸ್ ಹಚ್ಚುವುದೂ ಎರಡೇ ಬೋಲ್ಟಿನ ಕೆಲಸ. ಸ್ಟೆಬಿಲೈಜರ್ ಬಾರ್‌ನ ‘ಡಿ’ ಆಕಾರದ ಬುಷ್‌ಗೂ ಪಿಯು. ಅದಕ್ಕೆ ಜಾಸ್ತಿ ಯೋಚಿಸುವ ಅಗತ್ಯವಿಲ್ಲ, ಕೀರಿದರೆ ಬಿಚ್ಚಿ ಗ್ರೀಸ್ ಹಚ್ಚಿ. ಈ ಎರಡಕ್ಕೂ ಈಥರ್ ಜಾತಿ ಅಂತ ಬರೆದು ಕೊಡುವ ಕಡೆಯಿಂದಲೇ ತರಿಸಿದೆವು.

ಸ್ಪೇಸರ್ ಬದಲಾಯಿಸಿ ಲಿಫ್ಟನ್ನು ಅರ್ಧಕ್ಕೆ, 25 ಮಿ.ಮೀ.ಗೆ ಇಳಿಸಿದೆವು. ಪೂರ್ತಿ ತೆಗೆಯಲು ಭಾವ ಒಪ್ಪಲಿಲ್ಲ. ಕಳೆದುಕೊಂಡ ಕ್ಯಾಸ್ಟರ್‌ನಲ್ಲಿ ಅರ್ಧ ವಾಪಸ್ ಬಂತು. ಅಲೈನ್‌ಮೆಂಟ್‌ಗೆ ಹೋದಾಗ ಬರೀ ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ನೋಡುವ ಕೋನ) ನೋಡಿ ಕಳಿಸದೆ ಕ್ಯಾಸ್ಟರ್ ಅಂಕಿಯನ್ನೂ ಪ್ರಿಂಟ್ ಮಾಡಿ ಕೊಡಿ ಅಂತ ಕೇಳಿ ಪಡೆಯಬೇಕು. ಚಕ್ರವನ್ನು ಎರಡೂ ಕಡೆ ತಿರುಗಿಸಿ ಅಳೆಯುವ ಕೆಲಸ ಅದು. “ಇದರಲ್ಲಿ ಅಡ್ಜಸ್ಟ್ ಮಾಡೋಕೆ ಬರಲ್ಲ ಸಾರ್, ಯಾಕೆ ನೋಡಬೇಕು?” ಅಂತ ಹುಡುಗರು ಕೇಳುತ್ತಾರೆ. ಅಡ್ಜಸ್ಟ್ ಆಗದಿದ್ದರೇನು, ಎಷ್ಟಿದೆ ಅಂತ ಗೊತ್ತಿರಬೇಕಲ್ಲ.

ಕೂರಿಸುವ ಕೆಲಸ

ಹಳೆಯ ಬುಷ್ ತೆಗೆಯಲು ಗ್ಯಾಸ್ ಕಟರ್‌ನಲ್ಲಿ ರಬ್ಬರ್ ಸುಡುವುದು ನಮ್ಮ ಕಡೆ ಮಾಮೂಲಿ. ದಟ್ಟ ಹೊಗೆ, ಆರ್ಮ್‌ನ ಬಣ್ಣವೂ ಹೋಗುತ್ತದೆ. ಪಿಯು ಬುಷ್ ಇದ್ದರಂತೂ ಬೆಂಕಿ ತೋರಿಸಲೇಬಾರದು. ಪಿಯು ಸುಟ್ಟ ಹೊಗೆಯಲ್ಲಿ ಹೈಡ್ರೋಜನ್ ಸೈನೈಡ್ ಇರುತ್ತದೆ. ಹೈಡ್ರಾಲಿಕ್ ಪ್ರೆಸ್ ಇರುವ ಕಡೆ ಒತ್ತಿಸಿ ತೆಗೆಯುವುದೇ ಸರಿ. ಹೊಸದನ್ನು ಒತ್ತುವಾಗ ಭಾರ ಬೀಳಬೇಕಾದ್ದು ಹೊರಗಿನ ಬಳೆಯ ಮೇಲೆ. ಒಳಗಿನ ಸ್ಲೀವ್ ಮೇಲೆ ಒತ್ತಿದರೆ ಅಂಟು ಅಲ್ಲೇ ಬಿಡುತ್ತದೆ. ರಬ್ಬರಿನಲ್ಲಿ ಬೇಕೆಂದೇ ಬಿಟ್ಟ ಖಾಲಿ ಜಾಗ ಇರುವ ಬುಷ್ ಆದರೆ ಅದು ಯಾವ ದಿಕ್ಕಿಗೆ ಇರಬೇಕು ಅಂತ ಹಳೆಯದನ್ನು ತೆಗೆಯುವ ಮುಂಚೆಯೇ ಗುರುತು ಹಾಕಿಕೊಳ್ಳಬೇಕು. ಜಾರಲಿ ಅಂತ ಗ್ರೀಸ್, ಎಣ್ಣೆ ಹಚ್ಚಬಾರದು, ಸೋಪು ನೀರು ಸಾಕು.

ಎಲ್ಲಾ ಬೋಲ್ಟ್ ಕೈಯಲ್ಲಿ ತಿರುಗುವಷ್ಟು ಸಡಿಲ ಬಿಟ್ಟು ಗಾಡಿ ಇಳಿಸಿ, ಹಿಂದೆ ಮುಂದೆ ಉರುಳಿಸಿ, ನಾಲ್ಕು ಮೂಲೆ ಹಿಡಿದು ಕುಲುಕಿ ಕೂರಿಸಿದೆವು. ಆಮೇಲೆ ಪಿಟ್‌ಗೆ ಇಳಿದು, ಮ್ಯಾನುಯಲ್‌ನಲ್ಲಿ ಹೇಳಿದ ಬಿಗಿಗೆ ಟಾರ್ಕ್ ರೆಂಚ್ ಹಿಡಿದು ಬಿಗಿದದ್ದು. ಹಿಂದಿನ ಆರ್ಮ್, ಹಿಂದಿನ ಪ್ಯಾನ್‌ಹಾರ್ಡ್ ರಾಡ್ ಇವನ್ನೂ ಹೀಗೇ ಸಡಿಲಿಸಿ ಹೊಸ ಎತ್ತರದಲ್ಲಿ ಮತ್ತೆ ಬಿಗಿದೆವು. ಬುಷ್ ಬದಲಾಯಿಸದಿದ್ದರೂ ಎತ್ತರ ಬದಲಾದರೆ ಈ ಕೆಲಸ ಮಾಡಲೇಬೇಕು. ಲಿಫ್ಟ್ ಕಿಟ್ ಹಾಕುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಹೆಜ್ಜೆ ಇದೇ.

ಎಣ್ಣೆ ಸ್ಪ್ರೇ ವಿಷಯದಲ್ಲಿ ರಾಜಿಯಾಯಿತು. ಚಾಸಿಗೆ ಹೊಡೆಸಿಕೊಳ್ಳಲಿ, ಬುಷ್ ಇರುವ ಕಡೆ ಪ್ಲಾಸ್ಟಿಕ್ ಕವರ್ ಕಟ್ಟಿ ಹೊಡೆಸಲಿ.

ಬ್ರೇಕ್ ಸದ್ದು ಹೋಯಿತು. ಸ್ಟೀರಿಂಗ್ ನೇರಕ್ಕೆ ಬರುತ್ತದೆ, ಆದರೆ ಕಂಪನಿಯಿಂದ ಬಂದ ಗಾಡಿಯಷ್ಟು ಚುರುಕಾಗಿ ಅಲ್ಲ. ಉಳಿದ 25 ಮಿ.ಮೀ.ನ ಬೆಲೆ ಅದು. ಬುಷ್ ಸದ್ಯಕ್ಕೆ ಹರಿದಿಲ್ಲ. ಇನ್ನೂ ಕೆಲವು ಮಳೆಗಾಲ ಕಳೆಯದೆ ಅದರ ಬಗ್ಗೆ ನಾನು ಜಂಬ ಕೊಚ್ಚುವುದಿಲ್ಲ. ಪ್ಯಾನ್‌ಹಾರ್ಡ್ ರಾಡಿನ ಪಿಯು ಮಳೆಯಲ್ಲಿ ಒಮ್ಮೆ ಕೀರಿತು, ಬಿಚ್ಚಿದಾಗ ಒಳಗೆ ಕೆಂಪು ಕೆಸರಿತ್ತು. ಒರೆಸಿ ಗ್ರೀಸ್ ಹಚ್ಚಿದ ಮೇಲೆ ನಿಂತಿತು.

ಬೇರೆ ಗಾಡಿ ಆಗಿದ್ದರೆ

ಇದೇ ಪ್ರಶ್ನೆಯನ್ನು ಮಾರುತಿ ಜಿಪ್ಸಿಯವರು ಕೇಳಿದ್ದರೆ ನನ್ನ ಉತ್ತರ ಬೇರೆ. ಜಿಪ್ಸಿಗೆ ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಪ್ಲೇಟುಗಳು. ಆಕ್ಸಲನ್ನು ಹಿಡಿದಿರುವುದೂ ಬಗ್ಗುವುದೂ ಆ ಪ್ಲೇಟುಗಳೇ. ಸ್ಪ್ರಿಂಗ್ ತುದಿಯ ಕಣ್ಣು ಮತ್ತು ಅದನ್ನು ಚಾಸಿಗೆ ಸೇರಿಸುವ ಶ್ಯಾಕಲ್‌ನ ಬುಷ್‌ಗೆ ಇರುವುದು ಬಹುಪಾಲು ಒಂದೇ ಅಕ್ಷದ ತಿರುಗು. ಅಲ್ಲಿ ಪಿಯು ಧಾರಾಳವಾಗಿ ಹಾಕಬಹುದು, ಬಿಚ್ಚಿ ಗ್ರೀಸ್ ಹಚ್ಚುವುದೂ ಸುಲಭ. 2020ರಲ್ಲಿ ಬಂದ ಮಹೀಂದ್ರ ಥಾರ್‌ಗೆ ಮುಂದೆ ಎರಡೂ ಚಕ್ರ ಬೇರೆಬೇರೆಯಾಗಿ ಆಡುವ ಸ್ವತಂತ್ರ ವಿಶ್‌ಬೋನ್, ಹಿಂದೆ ಇಡೀ ಆಕ್ಸಲ್‌ಗೆ ಹಲವು ಕೊಂಡಿಗಳ ಮಲ್ಟಿಲಿಂಕ್. ಮುಂದಿನ ಕೆಳ ಆರ್ಮ್‌ಗೆ ಪಿಯು ಹಾಕಿದರೆ ಚಕ್ರದ ಓಡಾಟ ಕಟ್ಟಿಹೋಗುವುದಿಲ್ಲ, ರಸ್ತೆಯ ಸದ್ದು ಮಾತ್ರ ಸ್ವಲ್ಪ ಜಾಸ್ತಿ ಒಳಗೆ ಬರುತ್ತದೆ. ಹಿಂದಿನ ಲಿಂಕ್‌ಗಳಿಗೆ ರಬ್ಬರೇ ಇರಲಿ ಅನ್ನುತ್ತೇನೆ, ಅವು ಒಂದೇ ಹೊತ್ತಿಗೆ ಎರಡು ಮೂರು ದಿಕ್ಕಿಗೆ ತಿರುಚಬೇಕಾಗುತ್ತದೆ. ಗಾಡಿ ಯಾವುದೇ ಇರಲಿ, ರಬ್ಬರ್ ಬುಷ್ ಹಾಕಿಸುವ ದಿನ ಗ್ಯಾರೇಜಿನಲ್ಲೇ ನಿಂತಿರಿ. ಗಾಡಿ ಎರಡು ಕಂಬದ ಲಿಫ್ಟ್ ಮೇಲೆ ಇದ್ದಾಗ ಬೋಲ್ಟ್ ಬಿಗಿಯುವ ಇಂಪ್ಯಾಕ್ಟ್ ಗನ್ ಸದ್ದು ಕೇಳಿದರೆ, “ಅಣ್ಣಾ, ಇಳಿಸಿ ಟೈಟ್ ಮಾಡು” ಅಂತ ಹೇಳಿ.